ಲೈಟಿನ ಲೈನಿಗೆ ಎಷ್ಟು ಎಂಎಂ ವೈರ್ ಬೇಕು? ಮನೆ, ಅಂಗಡಿ ಕಟ್ಟಿಸುವವರು ತಿಳಿದಿರಬೇಕಾದ ಲೆಕ್ಕ

ಸಾಗರ: ಮಳೆಗಾಲ ಮುಗಿದು ತಾಲೂಕಿನಲ್ಲಿ ಮನೆ ಕೆಲಸಗಳು ಮತ್ತೆ ಶುರುವಾಗುವ ಹೊತ್ತಿಗೆ ಎಲೆಕ್ಟ್ರಿಕಲ್ ಅಂಗಡಿಗಳ ಕೌಂಟರಿನಲ್ಲಿ ಒಂದೇ ಮಾತುಕತೆ ದಿನಾ ನಡೆಯುತ್ತದೆ. "ಲೈಟಿನ ಲೈನಿಗೆ ಯಾವ ವೈರ್ ಕೊಡ್ಲಿ?" ಎಂದು ಅಂಗಡಿಯವರು ಕೇಳುತ್ತಾರೆ. ಮನೆ ಯಜಮಾನರು ಪಕ್ಕದಲ್ಲಿ ನಿಂತ ವೈರಿಂಗ್‌ನವರ ಮುಖ ನೋಡುತ್ತಾರೆ. "ಲೈಟಿಗಲ್ವಾ ಸಾರ್, ಒಂದು ಎಂಎಂ ಸಾಕು. ಈಗೆಲ್ಲ ಎಲ್‌ಇಡಿ ತಾನೆ" ಅನ್ನುವವರಿದ್ದಾರೆ. "ಸುಮ್ನೆ ಒಂದೂವರೆ ಹಾಕ್ಸಿ ಮಾರಾಯ್ರೆ, ಆಮೇಲೆ ಗೋಡೆ ಒಡೆಯೋಕಾಗಲ್ಲ" ಅನ್ನುವವರೂ ಇದ್ದಾರೆ. ಯಜಮಾನರು ಕೊನೆಗೆ ರೇಟು ಕೇಳಿ, ಕಡಿಮೆ ಇರುವುದಕ್ಕೆ ಹೂಂ ಅಂದುಬಿಡುತ್ತಾರೆ.

ಟೈಲ್ಸ್ ಬೇಸರವಾದರೆ ಬದಲಾಯಿಸಬಹುದು, ಬಣ್ಣ ಮತ್ತೆ ಹೊಡೆಸಬಹುದು. ಗೋಡೆಯೊಳಗೆ ಹೋದ ವೈರು ಮಾತ್ರ 25-30 ವರ್ಷ ಅಲ್ಲೇ ಇರುತ್ತದೆ. ಈ ಅವಧಿಯಲ್ಲಿ ಮನೆಗೆ ಏನೇನು ಹೊಸ ಸಾಮಾನು ಬರುತ್ತದೆ ಎಂದು ಇವತ್ತು ಯಾರೂ ಹೇಳಲಾರರು. ಹಾಗಾಗಿ ವೈರಿನ ಅಳತೆಯನ್ನು ಲೆಕ್ಕ ಹಾಕಿ ತೀರ್ಮಾನಿಸಬೇಕು. ಆ ಲೆಕ್ಕ ಕಷ್ಟದ್ದೇನಲ್ಲ, ಕೂಡು, ಗುಣಿಸು, ಭಾಗಿಸು ಗೊತ್ತಿದ್ದರೆ ಸಾಕು.

ಎಂಎಂ ಅಂದರೆ ಯಾವ ಅಳತೆ?

ಅಂಗಡಿಯಲ್ಲಿ "ಒಂದೂವರೆ ಎಂಎಂ ವೈರ್" ಎಂದು ಕೇಳುವುದು ರೂಢಿ. ನಿಜವಾಗಿ ಅದು 1.5 ಚದರ ಮಿಲಿಮೀಟರ್. ವೈರನ್ನು ಅಡ್ಡಕ್ಕೆ ಕತ್ತರಿಸಿದಾಗ ಒಳಗೆ ಕಾಣುವ ತಾಮ್ರದ ಒಟ್ಟು ವಿಸ್ತೀರ್ಣ ಅದು. ಮೇಲಿನ ಪಿವಿಸಿ ಹೊದಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನಿಂದ ದಪ್ಪ ಕಾಣುವ ವೈರಿನೊಳಗೆ ತಾಮ್ರವೂ ದಪ್ಪ ಇದೆ ಎಂದು ನಂಬುವ ಹಾಗಿಲ್ಲ.

ವಯಸ್ಸಾದ ವೈರಿಂಗ್‌ನವರು ಇವತ್ತಿಗೂ 1/18, 3/22, 3/20, 7/20 ಎಂದು ಗೇಜಿನ ಲೆಕ್ಕದಲ್ಲಿ ಮಾತಾಡುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ಗೇಜು. ಲೆಕ್ಕ ಹಾಕಿದರೆ 1/18 ಮತ್ತು 3/22 ಎರಡೂ ಸುಮಾರು 1.2 ಚದರ ಮಿ.ಮೀ. ಬರುತ್ತವೆ. 3/20 ಸುಮಾರು 2, 7/20 ಸುಮಾರು 4.6. ಅಂದರೆ ಹಳೇ ಗೇಜಿನ ವೈರು ಈಗಿನ ಅಳತೆಗಳಿಗೆ ಸರಿಯಾಗಿ ಹೊಂದುವುದಿಲ್ಲ, ನಡುವೆ ಎಲ್ಲೋ ಬೀಳುತ್ತದೆ. ಚೀಟಿ ಬರೆಯುವಾಗ ಗೇಜಿನ ಬದಲು ಚದರ ಮಿ.ಮೀ. ಬರೆಸಿಕೊಂಡರೆ ಗೊಂದಲ ಇರುವುದಿಲ್ಲ.

ಬರೀ ಬಲ್ಬ್, ಫ್ಯಾನಿನ ಲೆಕ್ಕ

ಒಂದು ಸಾಧಾರಣ ಮನೆಯ ಹಾಲ್ ಮತ್ತು ಎರಡು ಕೋಣೆ ತೆಗೆದುಕೊಳ್ಳೋಣ. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬ್ ಸೇರಿ 90 ವ್ಯಾಟ್. 75 ವ್ಯಾಟಿನ ಮೂರು ಫ್ಯಾನ್ ಸೇರಿ 225 ವ್ಯಾಟ್. ಟಿವಿಗೆ 100 ವ್ಯಾಟ್ ಇಟ್ಟುಕೊಂಡರೆ ಒಟ್ಟು 415 ವ್ಯಾಟ್. ಇದನ್ನು ನಮ್ಮ ಮನೆಗೆ ಬರುವ 230 ವೋಲ್ಟಿನಿಂದ ಭಾಗಿಸಿದರೆ ವೈರಿನಲ್ಲಿ ಹರಿಯುವ ಕರೆಂಟು ಬರುತ್ತದೆ. ಅದು ಸುಮಾರು 1.8 ಆಂಪ್ಸ್.

ಪೈಪಿನೊಳಗೆ ಎಳೆದ ತಾಮ್ರದ ವೈರುಗಳು ಎಷ್ಟು ಕರೆಂಟು ತಡೆಯುತ್ತವೆ ಎಂಬುದಕ್ಕೆ ಕಂಪನಿಗಳು ಪಟ್ಟಿ ಕೊಡುತ್ತವೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಿದ್ದರೂ ಅಂದಾಜು ಹೀಗಿದೆ:

- 1 ಚ.ಮಿ.ಮೀ. – ಸುಮಾರು 11 ಆಂಪ್ಸ್
- 1.5 ಚ.ಮಿ.ಮೀ. – 13ರಿಂದ 14 ಆಂಪ್ಸ್
- 2.5 ಚ.ಮಿ.ಮೀ. – 18ರಿಂದ 19 ಆಂಪ್ಸ್
- 4 ಚ.ಮಿ.ಮೀ. – 24ರಿಂದ 26 ಆಂಪ್ಸ್

1.8 ಆಂಪ್ಸಿಗೆ 11 ಆಂಪ್ಸಿನ ವೈರು ಧಾರಾಳ ಸಾಕು. "ಒಂದು ಎಂಎಂ ಸಾಕು" ಅನ್ನುವವರ ಮಾತು ಇಲ್ಲಿಯವರೆಗೆ ತಪ್ಪಲ್ಲ. ಆದರೆ ಲೈಟಿನ ಲೈನಿನಲ್ಲಿ ಲೈಟ್ ಮಾತ್ರ ಇರುವ ಮನೆ ಎಲ್ಲಿದೆ?

ಸ್ವಿಚ್ ಬೋರ್ಡಿನ ಆ ಒಂದು ಪ್ಲಗ್

ಪ್ರತಿ ಸ್ವಿಚ್ ಬೋರ್ಡಿನಲ್ಲೂ ಒಂದು ಚಿಕ್ಕ ಪ್ಲಗ್ ಪಾಯಿಂಟ್ ಇರುತ್ತದೆ. ಜನ ಅದಕ್ಕೆ 5 ಆಂಪ್ಸ್ ಪ್ಲಗ್ ಅನ್ನುತ್ತಾರೆ, ಈಗಿನ ಲೆಕ್ಕದಲ್ಲಿ ಅದು 6 ಆಂಪ್ಸ್. ಮೊಬೈಲ್ ಚಾರ್ಜ್ ಮಾಡಲು ಇಟ್ಟ ಆ ಪಾಯಿಂಟಿಗೆ ಏನೇನು ಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. 750 ವ್ಯಾಟಿನ ಮಿಕ್ಸಿ 3.3 ಆಂಪ್ಸ್ ಎಳೆಯುತ್ತದೆ. 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3 ಆಂಪ್ಸ್. ನೀರು ಕಾಯಿಸುವ 1,500 ವ್ಯಾಟಿನ ರಾಡ್ ಅಥವಾ ಕೆಟಲ್ ಆದರೆ 6.5 ಆಂಪ್ಸ್. 2,000 ವ್ಯಾಟಿನ ಇಂಡಕ್ಷನ್ ಒಲೆ 8.7 ಆಂಪ್ಸ್. ಇಂಡಕ್ಷನ್ ಒಲೆಯ ದಪ್ಪ ಪಿನ್ನು ಚಿಕ್ಕ ಪ್ಲಗ್ಗಿಗೆ ಕೂರುವುದಿಲ್ಲ ಎಂದು ಕನ್ವರ್ಷನ್ ಪ್ಲಗ್ ತಂದು ಕೂರಿಸುವವರೂ ಕಡಿಮೆಯಿಲ್ಲ.

ಚಳಿಗಾಲದ ಒಂದು ಬೆಳಗ್ಗೆ ನೆನೆಸಿಕೊಳ್ಳಿ. ಬಚ್ಚಲಿನಲ್ಲಿ ಬಕೆಟ್ಟಿಗೆ ರಾಡ್ ಇಳಿಸಿದ್ದಾರೆ. ಕೋಣೆಯಲ್ಲಿ ಮಗನ ಯೂನಿಫಾರ್ಮಿಗೆ ಇಸ್ತ್ರಿ ನಡೆಯುತ್ತಿದೆ. ಇನ್ನೊಂದು ಕಡೆ ಕೆಟಲ್ ಕುದಿಯುತ್ತಿದೆ. ಮೂರೂ ಒಂದೇ ಲೈಟಿನ ಲೈನಿಗೆ ಸೇರಿದ ಬೋರ್ಡುಗಳಾದರೆ ಒಟ್ಟು 4,000 ವ್ಯಾಟ್, ಅಂದರೆ 17.4 ಆಂಪ್ಸ್. ಒಂದು ಎಂಎಂ ವೈರು ತಡೆಯುವುದು 11. ಈಗ ಆ ವೈರನ್ನು ಕಾಪಾಡುವುದು ಯಾರು?

ಎಂಸಿಬಿ ಇರುವುದು ವೈರಿಗಾಗಿ

ಕಾಪಾಡಬೇಕಾದದ್ದು ಡಿಬಿ ಪೆಟ್ಟಿಗೆಯಲ್ಲಿರುವ ಎಂಸಿಬಿ. ಟಿವಿ, ಫ್ರಿಜ್ ಹಾಳಾಗದಿರಲಿ ಎಂದು ಎಂಸಿಬಿ ಹಾಕುತ್ತಾರೆ ಎಂಬ ತಿಳಿವಳಿಕೆ ಹಲವರಲ್ಲಿದೆ. ಅದರ ಮುಖ್ಯ ಕೆಲಸ ಗೋಡೆಯೊಳಗಿನ ವೈರು ಮಿತಿ ಮೀರಿ ಬಿಸಿಯಾಗದಂತೆ ನೋಡಿಕೊಳ್ಳುವುದು. ಆದ್ದರಿಂದ ಎಂಸಿಬಿಯ ಮೇಲಿನ ಅಂಕಿ ಯಾವತ್ತೂ ವೈರಿನ ತಾಕತ್ತಿಗಿಂತ ಕಡಿಮೆಯೇ ಇರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 10 ಆಂಪ್ಸಿನ ಎಂಸಿಬಿ ಕರೆಂಟು 10 ದಾಟಿದ ಕೂಡಲೇ ಬೀಳುವುದಿಲ್ಲ. ಬರೆದ ಅಂಕಿಯ 1.13 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯವರೆಗೆ ಅದು ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಎಂಸಿಬಿ ತಯಾರಾಗುವುದೇ ಹೀಗೆ. ಅಂದರೆ 10 ಆಂಪ್ಸಿನದ್ದು 11.3 ಆಂಪ್ಸಿಗೆ ಸುಮ್ಮನಿರುತ್ತದೆ, 14.5ಕ್ಕೆ ಗಂಟೆಯೊಳಗೆ ಬೀಳುತ್ತದೆ. 1.5 ಎಂಎಂ ವೈರಿಗೆ ಇದು ಒಳ್ಳೆಯ ಜೋಡಿ. ಒಂದು ಎಂಎಂ ವೈರಿಗೆ 6 ಆಂಪ್ಸಿನ ಎಂಸಿಬಿ ಹಾಕಿದರೆ ಅದೂ ಸುರಕ್ಷಿತವೇ, ಏಕೆಂದರೆ 8.7 ಆಂಪ್ಸಿಗೆಲ್ಲ ಅದು ಬಿದ್ದುಬಿಡುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಮನೆಯಲ್ಲಿ ಸಾಮಾನು ಹೆಚ್ಚುತ್ತದೆ, 6 ಆಂಪ್ಸಿನ ಎಂಸಿಬಿ ಪದೇಪದೇ ಬೀಳುತ್ತದೆ. "ಇದೇನು ಯಾವಾಗ್ಲೂ ಟ್ರಿಪ್ ಆಗ್ತದೆ, ದೊಡ್ಡದು ಹಾಕಿ ಮಾರಾಯ್ರೆ" ಎಂದು ಮನೆಯವರು ಹೇಳುತ್ತಾರೆ. ಬಂದವರು 20 ಆಂಪ್ಸಿನದ್ದು ಕೂರಿಸಿ ಹೋಗುತ್ತಾರೆ. ಐದು ನಿಮಿಷದ ಕೆಲಸ, ಮರುದಿನದಿಂದ ಟ್ರಿಪ್ ಆಗುವುದಿಲ್ಲ, ಎಲ್ಲರಿಗೂ ಸಮಾಧಾನ. ಆದರೆ ಗೋಡೆಯೊಳಗಿನ ವೈರು ಅದೇ ಒಂದು ಎಂಎಂ. ಮೇಲೆ ಹೇಳಿದ 17.4 ಆಂಪ್ಸ್ ಈಗ ಎಷ್ಟು ಹೊತ್ತು ಹರಿದರೂ 20 ಆಂಪ್ಸಿನ ಎಂಸಿಬಿ ಅಲ್ಲಾಡುವುದಿಲ್ಲ.

ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 11 ಆಂಪ್ಸಿನಲ್ಲಿ ಒಂದು ಎಂಎಂ ವೈರಿನ ಪ್ರತಿ ಮೀಟರಿನಲ್ಲಿ ಸುಮಾರು 2.4 ವ್ಯಾಟ್ ಬಿಸಿ ಹುಟ್ಟಿದರೆ, 17.4 ಆಂಪ್ಸಿನಲ್ಲಿ ಸುಮಾರು 5.9 ವ್ಯಾಟ್. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವ ಮಿತಿ 70 ಡಿಗ್ರಿ. ಅದನ್ನು ದಿನಾ ದಾಟಿದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಅವತ್ತೇ ಬೆಂಕಿ ಹತ್ತಬೇಕೆಂದಿಲ್ಲ. ಬಿರುಕು ಬಿಟ್ಟ ಜಾಗದಲ್ಲಿ ಯಾವತ್ತೋ ಒಂದು ದಿನ ಫೇಸ್, ನ್ಯೂಟ್ರಲ್ ತಾಗುತ್ತವೆ. ಆಗ ಪತ್ರಿಕೆಯಲ್ಲಿ "ಶಾರ್ಟ್ ಸರ್ಕಿಟ್‌ನಿಂದ ಬೆಂಕಿ" ಎಂಬ ಒಂದು ಸಾಲು ಬರುತ್ತದೆ. ವರ್ಷಗಳ ಹಿಂದೆ ದೊಡ್ಡ ಎಂಸಿಬಿ ಹಾಕಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಎಂಸಿಬಿ ಬಿದ್ದರೆ ಮೊದಲು ಕಾರಣ ಹುಡುಕಬೇಕು. ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಎಲ್ಲೋ ಶಾರ್ಟ್ ಆಗಿರಬಹುದು. ಹತ್ತು-ಹದಿನೈದು ನಿಮಿಷ ಬಿಟ್ಟು ಬಿದ್ದರೆ ಲೋಡು ಜಾಸ್ತಿಯಾಗಿದೆ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲಿ ಬಿಸಿಯಾಗುತ್ತಿದೆ. ಮಳೆಗಾಲದಲ್ಲಿ ಮಾತ್ರ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲೋ ತೇವ ಹೊಕ್ಕು ಕರೆಂಟು ಸೋರುತ್ತಿದೆ. ಈ ಮೂರರಲ್ಲಿ ಯಾವುದಕ್ಕೂ ದೊಡ್ಡ ಎಂಸಿಬಿ ಔಷಧಿಯಲ್ಲ. ಲೋಡು ಹೆಚ್ಚಾಗಿದ್ದರೆ ಭಾರದ ಸಾಮಾನಿಗೆ ಡಿಬಿಯಿಂದ ಬೇರೆ ವೈರ್ ಎಳೆಸುವುದೇ ದಾರಿ.

ಹತ್ತು ಪಾಯಿಂಟ್, 800 ವ್ಯಾಟ್

ಒಂದು ಲೈಟಿನ ಸರ್ಕಿಟ್ಟಿನಲ್ಲಿ ಎಷ್ಟು ಪಾಯಿಂಟ್ ಇರಬೇಕು ಎಂಬುದಕ್ಕೆ ನಮ್ಮ ದೇಶದ ವೈರಿಂಗ್ ನಿಯಮಗಳಲ್ಲಿ ಬಹಳ ಕಾಲದಿಂದ ಒಂದು ಲೆಕ್ಕವಿದೆ. ಲೈಟ್, ಫ್ಯಾನ್, 6 ಆಂಪ್ಸ್ ಪ್ಲಗ್ ಎಲ್ಲ ಸೇರಿ ಹತ್ತು ಪಾಯಿಂಟ್ ಮೀರಬಾರದು, ಒಟ್ಟು ಲೋಡು 800 ವ್ಯಾಟ್ ಮೀರಬಾರದು. 800 ವ್ಯಾಟ್ ಅಂದರೆ ಸುಮಾರು 3.5 ಆಂಪ್ಸ್. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಲೈಟಿನ ಪಾಯಿಂಟುಗಳಿಗೆ 1.5, ಪವರ್ ಪ್ಲಗ್ಗುಗಳಿಗೆ 4 ಚದರ ಮಿ.ಮೀ. ತಾಮ್ರದ ವೈರು ಬಳಸುವ ಪದ್ಧತಿ ಇಟ್ಟುಕೊಂಡಿದೆ.

ಎರಡು ಕೋಣೆ, ಹಾಲ್, ಅಡುಗೆಮನೆ, ಜಗುಲಿ ಇರುವ ಮನೆಗೆ ಲೈಟಿನ ಸರ್ಕಿಟ್ ಕನಿಷ್ಠ ಎರಡು ಅಥವಾ ಮೂರು ಮಾಡಿಸಬೇಕು. ಎಲ್ಲ ಲೈಟು ಒಂದೇ ಎಂಸಿಬಿಯಲ್ಲಿದ್ದರೆ ಅದು ಬಿದ್ದಾಗ ಇಡೀ ಮನೆ ಕತ್ತಲಾಗುತ್ತದೆ, ರಿಪೇರಿ ಮಾಡಲೂ ಬೆಳಕಿರುವುದಿಲ್ಲ. ಅಡುಗೆಮನೆಯ ಮಿಕ್ಸಿ, ಗ್ರೈಂಡರ್, ಇಂಡಕ್ಷನ್, ಬಚ್ಚಲಿನ ಗೀಸರ್, ಫ್ರಿಜ್ ಇವುಗಳಿಗೆ ಮೊದಲೇ ಬೇರೆ ಪವರ್ ಲೈನ್ ಕೊಟ್ಟುಬಿಟ್ಟರೆ ಲೈಟಿನ ಲೈನಿನ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ. 3,000 ವ್ಯಾಟಿನ ಗೀಸರ್ 13 ಆಂಪ್ಸ್ ಎಳೆಯುತ್ತದೆ, ಅದಕ್ಕೆ 4 ಎಂಎಂ ವೈರು ಸರಿ.

ಕೊಟ್ಟಿಗೆಗೆ, ಅಡಿಕೆ ಸುಲಿಯುವ ಜಾಗಕ್ಕೆ ಎಳೆದ ಲೈನು

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ವಿಷಯವಿದೆ. ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಡಿಕೆ ಬೇಯಿಸುವ ಚಪ್ಪರಕ್ಕೆ ಲೈಟಿನ ಲೈನನ್ನೇ ಉದ್ದಕ್ಕೆ ಎಳೆದಿರುತ್ತಾರೆ. ವೈರು ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಖರ್ಚಾಗುತ್ತದೆ. ಲೈಟಿನ ಲೈನಿನಲ್ಲಿ ಈ ನಷ್ಟ ಶೇ 3ರೊಳಗೆ, ಅಂದರೆ 230ಕ್ಕೆ ಸುಮಾರು 7 ವೋಲ್ಟಿನೊಳಗೆ ಇರಬೇಕು ಎಂಬುದು ಲೆಕ್ಕ.

ಮನೆಯಿಂದ 40 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಕರೆಂಟು ಹೋಗಿ ವಾಪಸ್ ಬರಬೇಕಾದ್ದರಿಂದ ವೈರಿನ ಉದ್ದ 80 ಮೀಟರ್. ಬರೀ ಎರಡು ಲೈಟು ಉರಿಸಿದರೆ ಒಂದು ಎಂಎಂ ವೈರಿನಲ್ಲೂ ನಷ್ಟ ಗೊತ್ತೇ ಆಗುವುದಿಲ್ಲ. ಆದರೆ ಕೊಯ್ಲಿನ ಸಮಯಕ್ಕೆ ಅಲ್ಲಿಗೆ ಒಂದು ಎಚ್‌ಪಿ ಮೋಟಾರಿನ ಅಡಿಕೆ ಸುಲಿಯುವ ಮಷೀನು ಬರುತ್ತದೆ. ಓಡುವಾಗ ಅದು ಸುಮಾರು 6 ಆಂಪ್ಸ್, ಸ್ಟಾರ್ಟ್ ಆಗುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. 6 ಮತ್ತು 30 ಆಂಪ್ಸಿಗೆ ಲೆಕ್ಕ ಹಾಕಿದರೆ ನಷ್ಟ ಹೀಗೆ ಬರುತ್ತದೆ:

- 1 ಎಂಎಂ: ಓಡುವಾಗ ಸುಮಾರು 9 ವೋಲ್ಟ್, ಸ್ಟಾರ್ಟಿಂಗ್‌ನಲ್ಲಿ ಸುಮಾರು 47 ವೋಲ್ಟ್
- 1.5 ಎಂಎಂ: ಓಡುವಾಗ ಸುಮಾರು 6 ವೋಲ್ಟ್, ಸ್ಟಾರ್ಟಿಂಗ್‌ನಲ್ಲಿ ಸುಮಾರು 32 ವೋಲ್ಟ್
- 2.5 ಎಂಎಂ: ಓಡುವಾಗ ಸುಮಾರು 4 ವೋಲ್ಟ್, ಸ್ಟಾರ್ಟಿಂಗ್‌ನಲ್ಲಿ ಸುಮಾರು 19 ವೋಲ್ಟ್

ಸಂಜೆ ಹೊತ್ತು ಊರಿನ ಲೈನಿನಲ್ಲೇ ವೋಲ್ಟೇಜು 200ಕ್ಕೆ ಇಳಿದಿದ್ದರೆ, ಅದರಲ್ಲಿ ಇನ್ನೂ 47 ಕಳೆದು 153 ಮಾತ್ರ ಮೋಟಾರಿಗೆ ಸಿಗುತ್ತದೆ. ಮಷೀನು ಗುಂಯ್ ಎಂದು ಶಬ್ದ ಮಾಡುತ್ತದೆ, ತಿರುಗುವುದಿಲ್ಲ, ಸ್ವಲ್ಪ ಹೊತ್ತಿಗೆ ಕಾಯಿಲ್ ಸುಟ್ಟ ವಾಸನೆ. ಮೆಸ್ಕಾಂ ಲೈನಿನ ವೋಲ್ಟೇಜು ಕಡಿಮೆ ಎಂದು ದೂರುವ ಮೊದಲು ಮನೆಯೊಳಗಿನ ವೈರು ಎಷ್ಟು ತಿನ್ನುತ್ತಿದೆ ಎಂದೂ ನೋಡಬೇಕು. ಅದು ಗೊತ್ತಾಗಲು ಸುಲಭದ ಉಪಾಯ ಇದೆ. ಮಷೀನು ಓಡುತ್ತಿರುವಾಗ ಲೈನ್ ಕೆಲಸ ಗೊತ್ತಿದ್ದವರಿಂದ ಡಿಬಿಯಲ್ಲೊಮ್ಮೆ, ಕೊಟ್ಟಿಗೆಯ ಬೋರ್ಡಿನಲ್ಲೊಮ್ಮೆ ಮೀಟರ್ ಹಿಡಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ದೂರದ ಲೈಟಿಗೆ 1.5 ಸಾಕು. ಮೋಟಾರು ಬರುವ ಸಾಧ್ಯತೆ ಇದ್ದರೆ ಡಿಬಿಯಿಂದ 2.5ರ ಪ್ರತ್ಯೇಕ ಲೈನು, ಅದಕ್ಕೊಂದು 16 ಆಂಪ್ಸ್ ಸಿ ಟೈಪ್ ಎಂಸಿಬಿ ಇರಲಿ. ದೂರ ಇನ್ನೂ ಹೆಚ್ಚಿದ್ದರೆ 4 ಎಂಎಂ ಯೋಚಿಸಬೇಕು.

ಪೈಪು, ಹೆಂಚು, ತಗಡು

ಮೇಲೆ ಕೊಟ್ಟ ಆಂಪ್ಸ್ ಪಟ್ಟಿ ಒಂದು ಪೈಪಿನಲ್ಲಿ ಎರಡು ವೈರು ಇದ್ದಾಗಿನದ್ದು. ಪೈಪಿನೊಳಗೆ ವೈರುಗಳು ಹೆಚ್ಚಿದಷ್ಟೂ ಬಿಸಿ ಹೊರಗೆ ಹೋಗಲು ಜಾಗ ಸಿಗದೆ ತಾಕತ್ತು ಕಡಿಮೆಯಾಗುತ್ತದೆ. ಮುಕ್ಕಾಲು ಇಂಚಿನ, ಅಂದರೆ 20 ಮಿ.ಮೀ. ಪೈಪಿನಲ್ಲಿ 1.5ರ ವೈರು ನೇರ ದಾರಿಯಲ್ಲಿ ಏಳು, ಬಾಗುಗಳಿದ್ದರೆ ಐದು ಸಾಕು. "ಹೇಗೂ ಜಾಗ ಉಂಟಲ್ಲ" ಎಂದು ಹತ್ತು-ಹನ್ನೆರಡು ತುರುಕಿದರೆ ಎಳೆಯುವಾಗಲೇ ಹೊದಿಕೆ ಉಜ್ಜಿ ಹೋಗುತ್ತದೆ. ಹೆಚ್ಚು ವೈರು ಹೋಗಬೇಕಾದ ಕಡೆ ಒಂದು ಇಂಚಿನ ಪೈಪ್ ಹಾಕಿಸಬೇಕು.

ತಗಡಿನ ಮಾಡಿನ ಕೆಳಗೆ, ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ ಕೈ ಇಡಲಾಗದಷ್ಟು ಸೆಕೆ. ಅಲ್ಲಿ ಹಾದುಹೋಗುವ ವೈರು ಕರೆಂಟು ಹರಿಯುವ ಮೊದಲೇ ಅರ್ಧ ಬಿಸಿಯಾಗಿರುತ್ತದೆ. 1.5 ಎಂಎಂ ಹಾಕಿದರೆ ಇಂಥ ಜಾಗಗಳಿಗೂ ಸ್ವಲ್ಪ ಅವಕಾಶ ಉಳಿದಿರುತ್ತದೆ. ಅಟ್ಟದಲ್ಲಿ ಇಲಿ ಕಾಟವೂ ಇರುವುದರಿಂದ ಬಿಡಿ ವೈರು ಎಳೆಯದೆ ಪೈಪಿನೊಳಗೇ ಒಯ್ಯಬೇಕು.

ನ್ಯೂಟ್ರಲ್, ಅರ್ಥಿಂಗ್ ಮತ್ತು ಇನ್ವರ್ಟರ್

ಫೇಸಿಗೆ 1.5 ಹಾಕಿ ನ್ಯೂಟ್ರಲ್ಲಿಗೆ ಒಂದು ಎಂಎಂ ಹಾಕುವ ಉಳಿತಾಯ ಬೇಡ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬರುತ್ತದೆ. ಪ್ರತಿ ಸರ್ಕಿಟ್ಟಿಗೂ ಅದರದ್ದೇ ನ್ಯೂಟ್ರಲ್ ಇರಬೇಕು. ಎರಡು ಎಂಸಿಬಿಗಳ ಲೈನಿಗೆ ಒಂದೇ ನ್ಯೂಟ್ರಲ್ ಕೊಟ್ಟರೆ ಎರಡರ ಕರೆಂಟೂ ಆ ಒಂದು ವೈರಿನಲ್ಲಿ ಹರಿಯುತ್ತದೆ. ಅದನ್ನು ಯಾವ ಎಂಸಿಬಿಯೂ ಗಮನಿಸುವುದಿಲ್ಲ.

ಹಳೇ ಮನೆಗೆ ಆಮೇಲೆ ಇನ್ವರ್ಟರ್ ಕೂರಿಸಿದಾಗ ಈ ತಪ್ಪು ಹೆಚ್ಚಾಗಿ ಆಗುತ್ತದೆ. ಇನ್ವರ್ಟರಿನಿಂದ ಒಂದು ಫೇಸ್ ಮಾತ್ರ ಎಳೆದು, ನ್ಯೂಟ್ರಲ್ಲನ್ನು ಹತ್ತಿರದ ಬೋರ್ಡಿನಿಂದ ಸೇರಿಸಿಬಿಡುತ್ತಾರೆ. ಹೊಸ ಮನೆಯಾದರೆ ಇನ್ವರ್ಟರ್ ಲೈಟುಗಳಿಗೆ ಮೊದಲೇ ಬೇರೆ ಸರ್ಕಿಟ್ ಮಾಡಿಸಿ, 1.5ರ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸಿಟ್ಟರೆ ಮುಂದೆ ತಲೆನೋವಿಲ್ಲ.

ಅರ್ಥಿಂಗ್ ವೈರು ಲೈಟಿಗೆ ಯಾಕೆ ಎಂದು ಕೇಳುವವರಿದ್ದಾರೆ. ಬೋರ್ಡಿನಲ್ಲಿ ಪ್ಲಗ್ ಇದೆ, ಅದಕ್ಕೆ ಇಸ್ತ್ರಿ ಪೆಟ್ಟಿಗೆ ಬರುತ್ತದೆ, ಅದರ ಮೈ ಕಬ್ಬಿಣದ್ದು. ಆದ್ದರಿಂದ ಹಸಿರು ವೈರನ್ನೂ 1.5ರಲ್ಲೇ ಎಳೆಸಬೇಕು. ಬಣ್ಣದ ಶಿಸ್ತು ತಪ್ಪಬಾರದು. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಂಗಿಗೆ ಹಸಿರು. ಕಾಯಿಲಿನಲ್ಲಿ ಉಳಿದ ಹಸಿರನ್ನು ಫೇಸಿಗೆ ಬಳಸಿದರೆ ಮುಂದೆ ರಿಪೇರಿಗೆ ಬಂದವರ ಜೀವಕ್ಕೇ ಅಪಾಯ. ಇದರ ಜೊತೆ 30 ಮಿಲಿಆಂಪ್ಸಿನ ಆರ್‌ಸಿಸಿಬಿ ಇರಲಿ. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ.

ಅಂಗಡಿಯವರ ಲೆಕ್ಕ ಸ್ವಲ್ಪ ಬೇರೆ

ಅಂಗಡಿಗಳಲ್ಲಿ ಲೈಟು ಬೆಳಗ್ಗೆಯಿಂದ ರಾತ್ರಿವರೆಗೆ ಉರಿಯುತ್ತವೆ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಗಳಲ್ಲಿ ಸೀಲಿಂಗ್ ತುಂಬ ಎಲ್‌ಇಡಿ ಪ್ಯಾನೆಲ್ ಇರುತ್ತವೆ. 18 ವ್ಯಾಟಿನ ಮೂವತ್ತು ಪ್ಯಾನೆಲ್ ಸೇರಿದರೂ 540 ವ್ಯಾಟ್ ಅಷ್ಟೇ, ವೈರಿಗೆ ಭಾರವಲ್ಲ. ಆದರೆ ಎಲ್ಲವನ್ನೂ ಒಂದೇ ಸ್ವಿಚ್ಚಿನಲ್ಲಿ ಹಾಕಿದಾಗ ಅವುಗಳ ಡ್ರೈವರ್‌ಗಳು ಮೊದಲ ಕ್ಷಣ ಹೆಚ್ಚು ಕರೆಂಟು ಎಳೆದು ಎಂಸಿಬಿ ಬೀಳುವುದುಂಟು. ಆಗ 20 ಆಂಪ್ಸಿನದ್ದು ಹಾಕಬೇಕಿಲ್ಲ. ಲೈಟುಗಳನ್ನು ಎರಡು-ಮೂರು ಸ್ವಿಚ್ಚಿಗೆ ಹಂಚಿ, 1.5 ಎಂಎಂ ವೈರಿಗೆ 10 ಆಂಪ್ಸಿನ ಸಿ ಟೈಪ್ ಎಂಸಿಬಿ ಹಾಕಿಸಿದರೆ ಸರಿಹೋಗುತ್ತದೆ.

ಐಸ್‌ಕ್ರೀಂ ಫ್ರೀಜರ್, ಜ್ಯೂಸ್ ಮಷೀನು, ಜೆರಾಕ್ಸ್ ಮಷೀನುಗಳನ್ನು ಲೈಟಿನ ಬೋರ್ಡಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸುವುದು ಪೇಟೆಯಲ್ಲಿ ಕಾಣುವ ಇನ್ನೊಂದು ಅಭ್ಯಾಸ. ಗೋಡೆಯೊಳಗೆ ಎಷ್ಟೇ ದಪ್ಪ ವೈರಿದ್ದರೂ ಆ ಎಕ್ಸ್‌ಟೆನ್ಷನ್ನಿನ ಸಣ್ಣ ವೈರೇ ಅಲ್ಲಿ ಸೋಲುವ ಕೊಂಡಿ. ಬಾಡಿಗೆ ಮಳಿಗೆ ಹಿಡಿಯುವವರು ಅಡ್ವಾನ್ಸ್ ಕೊಡುವ ಮೊದಲು ಡಿಬಿ ತೆರೆಸಿ ನೋಡುವುದು ಒಳ್ಳೆಯದು. ಸಣ್ಣ ವೈರಿಗೆ 32 ಆಂಪ್ಸಿನ ಎಂಸಿಬಿ ಕೂತಿದ್ದರೆ ಅದನ್ನು ಸರಿಪಡಿಸಿ ಕೊಡಲು ಮಾಲೀಕರಿಗೆ ಆಗಲೇ ಹೇಳಬೇಕು.

ಕೊಳ್ಳುವಾಗ ಏನು ನೋಡಬೇಕು?

ಅಳತೆ ಸರಿಯಾಗಿ ಕೇಳಿದ ಮೇಲೆ ಕಾಯಿಲಿನಲ್ಲಿ ಅದೇ ಇದೆಯೇ ಎಂದೂ ನೋಡಬೇಕು. ಮನೆ ವೈರಿಂಗಿನ ಪಿವಿಸಿ ವೈರಿಗೆ ಐಎಸ್ 694 ಎಂಬ ಮಾನಕವಿದೆ, ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯದ್ದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ.

ಕೌಂಟರಿನಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ತಕ್ಕಡಿ. 1.5 ಚದರ ಮಿ.ಮೀ. ತಾಮ್ರ 90 ಮೀಟರ್ ಉದ್ದಕ್ಕೆ ಲೆಕ್ಕದ ಪ್ರಕಾರ ಸುಮಾರು 1.2 ಕೆ.ಜಿ. ತೂಗುತ್ತದೆ, ಅದರ ಮೇಲೆ ಪಿವಿಸಿಯ ತೂಕ ಬೇರೆ. ಹೊದಿಕೆ ಸೇರಿಯೂ 90 ಮೀಟರಿನ ಕಾಯಿಲ್ ಒಂದೂಕಾಲು ಕೆ.ಜಿ. ಮುಟ್ಟದಿದ್ದರೆ ತಾಮ್ರ ಕಡಿಮೆ ಇದೆ, ಇಲ್ಲವೇ ಉದ್ದ ಕಡಿಮೆ ಇದೆ, ಅಥವಾ ಒಳಗಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎರಡನೆಯದು ಬ್ಲೇಡು. ತುದಿಯ ಎಳೆಯನ್ನು ಕೆರೆದಾಗ ಒಳಗೂ ತಾಮ್ರದ ಕೆಂಪೇ ಕಾಣಬೇಕು. ಬಿಳಿ ಕಂಡರೆ ವಾಪಸ್ ಕೊಡಿ. ಎಳೆ ಎಣಿಸುವವರಿಗೆ ಇನ್ನೊಂದು ಮಾತು: ಎಷ್ಟೋ ಕಂಪನಿಗಳ 1 ಎಂಎಂ ವೈರಿನಲ್ಲಿ 0.3 ಮಿ.ಮೀ.ಯ 14 ಎಳೆ, 1.5ರಲ್ಲಿ 22, 2.5ರಲ್ಲಿ 36 ಎಳೆ ಇರುತ್ತವೆ. ಎಳೆಯ ದಪ್ಪ ಬೇರೆ ಇದ್ದರೆ ಸಂಖ್ಯೆಯೂ ಬೇರೆ, ಕ್ಯಾಟಲಾಗ್ ನೋಡಬೇಕು.

ಒಂದು ಎಂಎಂನಿಂದ ಒಂದೂವರೆಗೆ ಹೋದರೆ ತಾಮ್ರ ಅರ್ಧದಷ್ಟು ಹೆಚ್ಚಾಗುತ್ತದೆ, ರೇಟೂ ಆ ಪ್ರಮಾಣಕ್ಕೆ ಏರುತ್ತದೆ. ಆದರೆ ಪೈಪು, ಬಾಕ್ಸು, ಗೋಡೆ ಕೊರೆಯುವುದು, ಕೂಲಿ ಎರಡಕ್ಕೂ ಒಂದೇ. ಇಡೀ ವೈರಿಂಗ್ ಖರ್ಚಿನಲ್ಲಿ ಹೆಚ್ಚಾಗುವುದು ವೈರಿನ ಪಾಲು ಮಾತ್ರ.

ಹಳೇ ಮನೆಗಳಲ್ಲಿ

ಹಳೇ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ಅಲ್ಯೂಮಿನಿಯಂ ವೈರು ಇನ್ನೂ ಉಂಟು. ಅಲ್ಯೂಮಿನಿಯಂ ಅದೇ ಅಳತೆಯ ತಾಮ್ರಕ್ಕಿಂತ ಕಡಿಮೆ ಕರೆಂಟು ತಡೆಯುತ್ತದೆ. ಅದಕ್ಕೆ ಹೊಸ ತಾಮ್ರದ ವೈರನ್ನು ಸುಮ್ಮನೆ ತಿರುಚಿ ಟೇಪು ಸುತ್ತಿದರೆ, ನಮ್ಮ ಕಡೆಯ ತೇವಕ್ಕೆ ಆ ಜಾಯಿಂಟು ಬೇಗ ಕಿಲುಬು ಹಿಡಿದು ಬಿಸಿಯಾಗುತ್ತದೆ. ಒಂದು ಕೋಣೆ ಹೊಸದಾಗಿ ಕಟ್ಟಿಸಿದಾಗ ಅದರ ಲೈನನ್ನು ಹಳೇ ಬೋರ್ಡಿನಿಂದ ಎಳೆಯದೆ ನೇರವಾಗಿ ಡಿಬಿಯಿಂದ ತರಬೇಕು. ಸ್ವಿಚ್ ಬೋರ್ಡ್ ಬೆಚ್ಚಗಾಗುವುದು, ಮಿಕ್ಸಿ ಹಾಕಿದಾಗ ಬಲ್ಬ್ ಮಂಕಾಗುವುದು, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುವುದು ಇವೆಲ್ಲ ಎಚ್ಚರಿಕೆ.

ಮೀಟರ್‌ವರೆಗಿನ ಲೈನು ಮೆಸ್ಕಾಂ ಜವಾಬ್ದಾರಿ, ಅಲ್ಲಿಂದ ಒಳಗಿನದ್ದು ಮನೆಯವರದ್ದು. ಈ ಲೆಕ್ಕ ಗೊತ್ತಾಯಿತೆಂದು ಸ್ವತಃ ಡಿಬಿಗೆ ಕೈ ಹಾಕುವುದು ಬೇಡ. ಪರ್ಮಿಟ್ ಇರುವ ವೈರ್‌ಮನ್, ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು. ಗೋಡೆ ಪ್ಲಾಸ್ಟರ್ ಆಗುವ ಮೊದಲು ಪೈಪು ಹೋದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಎಂಸಿಬಿಗೆ ಯಾವ ಅಳತೆಯ ವೈರು ಎಂದು ಡಿಬಿ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ. ಹತ್ತು ವರ್ಷದ ನಂತರ ಯಾರಾದರೂ "ದೊಡ್ಡ ಎಂಸಿಬಿ ಹಾಕೋಣ" ಅಂದಾಗ ಆ ಚೀಟಿಯೇ ಉತ್ತರ ಕೊಡುತ್ತದೆ.

ಚುಟುಕಾಗಿ

- ಲೈಟ್, ಫ್ಯಾನ್, ಚಿಕ್ಕ ಪ್ಲಗ್: 1.5 ಎಂಎಂ ತಾಮ್ರ, 6 ಅಥವಾ 10 ಆಂಪ್ಸ್ ಎಂಸಿಬಿ
- ಒಂದು ಸರ್ಕಿಟ್ಟಿಗೆ ಹತ್ತು ಪಾಯಿಂಟ್, 800 ವ್ಯಾಟ್ ಮೀರದಿರಲಿ
- ದೂರದಲ್ಲಿ ಒಂದು ಎಚ್‌ಪಿಯಷ್ಟು ಸಣ್ಣ ಮೋಟಾರ್: 2.5 ಎಂಎಂ ಪ್ರತ್ಯೇಕ ಲೈನು, 16 ಆಂಪ್ಸ್ ಎಂಸಿಬಿ
- ಗೀಸರ್, ಇಂಡಕ್ಷನ್ ಮುಂತಾದ ಪವರ್ ಪ್ಲಗ್: 4 ಎಂಎಂ, 16 ಅಥವಾ 20 ಆಂಪ್ಸ್ ಎಂಸಿಬಿ
- ನ್ಯೂಟ್ರಲ್ ಯಾವಾಗಲೂ ಫೇಸಿನಷ್ಟೇ ಅಳತೆ, ಪ್ರತಿ ಸರ್ಕಿಟ್ಟಿಗೂ ಬೇರೆ
- ವೈರು ಬದಲಿಸದೆ ಎಂಸಿಬಿ ದೊಡ್ಡದು ಮಾಡಬೇಡಿ